ಸಿಸಿಯು ಅಕ್ಕನನ್ನು ಕೇಳಿ: ಹಾರ್ಟ್ ಅಟ್ಯಾಕ್ ಮತ್ತು ನರ್ಸಿಂಗ್

ಅಡ್ಮಿನ್ · 9:40
ಎಲ್ಲರಿಗೂ ನಮಸ್ಕಾರ. ಇವತ್ತು ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವವರು 22 ವರ್ಷದಿಂದ ಹೃದ್ರೋಗ ಐಸಿಯುನಲ್ಲಿರುವ ಹಿರಿಯ ಸಿಸ್ಟರ್. ಗುಂಪಿನಲ್ಲಿ ಎಲ್ಲರೂ ಅವರನ್ನು ಸಿಸಿಯು ಅಕ್ಕ ಅಂತಲೇ ಕರೆಯುವುದು. ನರ್ಸಿಂಗ್ ಓದುವವರು, ಡ್ಯೂಟಿಯಲ್ಲಿರುವವರು, ರೋಗಿಗಳ ಮನೆಯವರು ಯಾರು ಬೇಕಾದರೂ ಕೇಳಬಹುದು. ಎರಡೇ ವಿನಂತಿ: ಫಾರ್ವರ್ಡ್ ಹಾಕಬೇಡಿ. ಕೇಳುವ ಮುಂಚೆ ಮೇಲಿನದನ್ನು ಓದಿ.

ಸಿಸಿಯು ಅಕ್ಕ · 9:48
ನಮಸ್ಕಾರ. ನೈಟ್ ಮುಗಿಸಿ ಬಂದು ಕೂತಿದ್ದೀನಿ. ಮಧ್ಯೆ ಮಾಯವಾದರೆ ಕೂತಲ್ಲೇ ನಿದ್ದೆ ಹೋಗಿದ್ದೀನಿ ಅಂದ್ಕೊಳ್ಳಿ. ನಾನು ನರ್ಸ್, ಡಾಕ್ಟರ್ ಅಲ್ಲ. ನಿಮ್ಮ ಮಾತ್ರೆ ಬದಲಾಯಿಸಿ ಕೊಡೋಕೆ ಆಗಲ್ಲ. ಈಗಲೇ ಎದೆನೋವು ಇರುವವರು ಇಲ್ಲಿ ಬರೀಬೇಡಿ, ಆಂಬುಲೆನ್ಸ್‌ಗೆ ಫೋನ್ ಮಾಡಿ.

ಥರ್ಡ್ ಇಯರ್ · 9:55
ಅಕ್ಕ, ಕ್ಲಾಸಲ್ಲಿ ‘ಮೋನಾ’ ಅಂತ ಹೇಳಿಕೊಟ್ಟಿದ್ದಾರೆ. ಮಾರ್ಫಿನ್, ಆಕ್ಸಿಜನ್, ನೈಟ್ರೇಟ್, ಆಸ್ಪಿರಿನ್. ಇದೇ ಕ್ರಮದಲ್ಲಿ ಕೊಡಬೇಕಾ? ಪೋಸ್ಟಿಂಗ್‌ನಲ್ಲಿ ಬೇರೆ ಥರ ಮಾಡ್ತಾರೆ.

ಸಿಸಿಯು ಅಕ್ಕ · 10:04
ಮೋನಾ ಬಾಯಿಪಾಠಕ್ಕೆ ಚೆನ್ನ, ಕ್ರಮಕ್ಕಲ್ಲ. ನಾಲ್ಕರಲ್ಲಿ ಸಾವು ತಪ್ಪಿಸುತ್ತೆ ಅಂತ ಗಟ್ಟಿಯಾಗಿ ಸಾಬೀತಾಗಿರೋದು ಕೊನೇ ಅಕ್ಷರ ಒಂದೇ. 1988ರ ಐಸಿಸ್-2 ಅಧ್ಯಯನ, 17,187 ರೋಗಿಗಳು. ಬರೀ ಆಸ್ಪಿರಿನ್‌ನಿಂದ ಐದು ವಾರದಲ್ಲಿ ಹೃದಯ, ರಕ್ತನಾಳದ ಸಾವು 23% ಇಳೀತು. ಕೋಟಿಂಗ್ ಇಲ್ಲದ ಮಾತ್ರೆ, 162ರಿಂದ 325 ಎಂಜಿ, ಜಗಿದು ನುಂಗಬೇಕು. ಇಡೀ ನುಂಗಿದರೆ ಕರಗೋಕೆ ಹೊತ್ತು ಹಿಡಿಯುತ್ತೆ.

ಆಕ್ಸಿಜನ್ ಬೆರಳಿನ ಮೆಷಿನ್ 90ಕ್ಕಿಂತ ಕೆಳಗೆ ತೋರಿಸಿದರೆ. ನೈಟ್ರೇಟ್ (ರಕ್ತನಾಳ ಸಡಿಲಿಸೋ ಮಾತ್ರೆ) ನೋವಿಗೆ, ಅದೂ ಎಲ್ಲರಿಗಲ್ಲ. ಮಾರ್ಫಿನ್ ನೋವು ತಡೆಯೋಕೇ ಆಗದವರಿಗೆ. ಅದು ಹೊಟ್ಟೆಯನ್ನು ನಿಧಾನ ಮಾಡುತ್ತೆ, ನಾವು ಆಗಷ್ಟೇ ನುಂಗಿಸಿದ ಟಿಕಾಗ್ರೆಲಾರ್ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ) ರಕ್ತಕ್ಕೆ ಸೇರೋದು ತಡ ಆಗುತ್ತೆ.

ಎಲ್ಲಕ್ಕಿಂತ ಮುಂಚೆ ಆಗಬೇಕಾದ್ದು ಮೋನಾದೊಳಗೆ ಇಲ್ಲವೇ ಇಲ್ಲ. ಇಸಿಜಿ. ರೋಗಿ ಕಂಡ 10 ನಿಮಿಷದೊಳಗೆ ತೆಗೆದಿರಬೇಕು, ಓದೋಕೆ ಬರುವವರ ಕೈಗೆ ಕೊಟ್ಟಿರಬೇಕು. ತೆಗೆದು ಫೈಲಿಗೆ ಸಿಕ್ಕಿಸಿಟ್ಟರೆ ತೆಗೆದ ಹಾಗಲ್ಲ.

ವಾರ್ಡ್ ಸೀನಿಯರ್ · 10:09
ಆಕ್ಸಿಜನ್ ವಿಷಯ ಒಪ್ಪಲ್ಲ. ನಾವು 18 ವರ್ಷದಿಂದ ಎದೆನೋವು ಅಂದ ತಕ್ಷಣ ಮೂಗಿಗೆ ಹಾಕ್ತಾ ಇದ್ದೀವಿ. ಯಾರಿಗೂ ಏನೂ ಆಗಿಲ್ಲ.

ಮಾತ್ರೆ ಅಂಗಡಿ · 10:12
ಏನೂ ಆಗಿಲ್ಲ ಅನ್ನೋದು ಬೇರೆ, ಉಪಯೋಗ ಆಯ್ತು ಅನ್ನೋದು ಬೇರೆ. ಸ್ವೀಡನ್‌ನಲ್ಲಿ 6,629 ಜನರ ಮೇಲೆ ನೋಡಿದ್ರಲ್ಲ, 2017ರಲ್ಲಿ ಬಂತು. ಆಕ್ಸಿಜನ್ ಸರಿಯಾಗಿದ್ದವರಿಗೆ ಮತ್ತೆ ಆಕ್ಸಿಜನ್ ಕೊಟ್ಟು ಒಂದು ವರ್ಷದ ಸಾವಿನಲ್ಲಿ ವ್ಯತ್ಯಾಸವೇ ಇಲ್ಲ.

ವಾರ್ಡ್ ಸೀನಿಯರ್ · 10:14
ಅಂಗಡಿಯಲ್ಲಿ ಕೂತು ರೋಗಿ ನೋಡಿದ್ದೀರಾ ಸಾರ್? ಮುಖಕ್ಕೆ ಏನಾದರೂ ಹಾಕಿದರೆ ಮನೆಯವರಿಗೂ ಧೈರ್ಯ ಬರುತ್ತೆ.

ಮಾತ್ರೆ ಅಂಗಡಿ · 10:15
ಮನೆಯವರ ಧೈರ್ಯಕ್ಕೆ ರೋಗಿಯ ಮೂಗಾ?

ಸಿಸಿಯು ಅಕ್ಕ · 10:18
ಸೀನಿಯರ್, ನಾನೂ ಹತ್ತು ಹನ್ನೆರಡು ವರ್ಷ ಹಾಗೇ ಹಾಕಿದವಳು. ಈಗ ಹಾಕಲ್ಲ. ಸಾಕು ಬಿಡಿ ಇದು.

ನಿವೃತ್ತ ಮೇಷ್ಟ್ರು · 10:20
ಎಲ್ಲರೂ ತಿಳಿದಿರಬೇಕಾದ ವಿಷಯ. ಒಬ್ಬರೇ ಇರುವಾಗ ಹೃದಯಾಘಾತವಾದರೆ ಗಾಬರಿಯಾಗದೆ ದೀರ್ಘವಾಗಿ ಉಸಿರೆಳೆದು ಎರಡು ಸೆಕೆಂಡಿಗೊಮ್ಮೆ ಬಲವಾಗಿ ಕೆಮ್ಮುತ್ತಿರಿ. ಕೆಮ್ಮಿನ ಒತ್ತಡಕ್ಕೆ ಹೃದಯ ಮತ್ತೆ ಸರಿಯಾಗುತ್ತದೆ. ಹತ್ತು ಜನರಿಗೆ ಕಳುಹಿಸಿ, ಒಂದು ಜೀವ ಉಳಿಸಿ 🙏

ಸಿಸಿಯು ಅಕ್ಕ · 10:27
ಮೇಷ್ಟ್ರೇ, ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಶುರುವಿನಲ್ಲೇ ಕೇಳಿಕೊಂಡಿದ್ದರು. ಇದು ಹುಟ್ಟಿದ್ದು ಕ್ಯಾಥ್ ಲ್ಯಾಬ್‌ನಲ್ಲಿ. ಹೃದಯದ ನಾಳಕ್ಕೆ ಟ್ಯೂಬ್ ಹಾಕಿ, ಡೈ ಬಿಟ್ಟು ನೋಡೋ ಜಾಗ ಅದು. ಅಲ್ಲಿ ರೋಗಿ ಮಾನಿಟರ್ ಮೇಲಿರ್ತಾರೆ. ಡೈ ಹಾಕುವಾಗ ಲಯ ಕೆಟ್ಟ ಕ್ಷಣವೇ ಡಾಕ್ಟರ್ ‘ಕೆಮ್ಮಿ, ಕೆಮ್ಮಿ’ ಅಂತಾರೆ. ಪ್ರಜ್ಞೆ ತಪ್ಪುವ ಮುಂಚಿನ ಕೆಲವು ಸೆಕೆಂಡು ಮಿದುಳಿಗೆ ಒಂದಿಷ್ಟು ರಕ್ತ ಹೋಗುತ್ತೆ, ಅಷ್ಟರಲ್ಲಿ ಶಾಕ್ ಮೆಷಿನ್ ಚಾರ್ಜ್ ಆಗಿರುತ್ತೆ. ಮನೇಲಿ ಆಗೋ ಹಾರ್ಟ್ ಅಟ್ಯಾಕ್‌ನಲ್ಲಿ ನಾಳ ಕಟ್ಟಿಕೊಂಡಿರುತ್ತೆ, ಹೃದಯ ಮಾತ್ರ ಬಡಿತಾನೇ ಇರುತ್ತೆ. ಕೆಮ್ಮಿದರೆ ಕಟ್ಟಿದ ನಾಳ ತೆರೆಯಲ್ಲ. ಕೆಮ್ಮುವ ಹೊತ್ತಲ್ಲಿ ಫೋನ್ ಮಾಡಿ.

ನಿವೃತ್ತ ಮೇಷ್ಟ್ರು · 10:30
ಒಳ್ಳೆಯ ಉದ್ದೇಶದಿಂದ ಹಾಕಿದ್ದು ತಾಯಿ. ಡಾಕ್ಟರೊಬ್ಬರು ಬರೆದದ್ದು ಎಂದು ಕೆಳಗಡೆ ಇತ್ತು.

ಥರ್ಡ್ ಇಯರ್ · 10:31
ಕೆಳಗಡೆ ಯಾರ ಹೆಸರು ಬೇಕಾದ್ರೂ ಇರುತ್ತೆ ಸರ್ 😀

ಹೊಸಬ · 10:33
ಮೇಡಂ, ಮನೆಯಲ್ಲಿ 75ರ ಆಸ್ಪಿರಿನ್ ಮಾತ್ರ ಇದೆ. ನಾಲ್ಕು ಜಗಿಯಬಹುದಾ?

ಸಿಸಿಯು ಅಕ್ಕ · 10:34
ನಾಲ್ಕು ಸೇರಿದರೆ 300. ಕೋಟಿಂಗ್ ಇದ್ದರೂ ಜಗಿದರೆ ಪುಡಿಯಾಗುತ್ತೆ. ಆದರೆ ಮೊದಲು ಆಂಬುಲೆನ್ಸ್‌ಗೆ ಫೋನ್, ಅವರು ಕೊಡಿ ಅಂದರೆ ಕೊಡಿ. ಅಲರ್ಜಿ ಇದ್ದರೆ, ಹೊಟ್ಟೆಯಲ್ಲೋ ಬೇರೆಲ್ಲೋ ರಕ್ತ ಹೋಗ್ತಾ ಇದ್ದರೆ ಬೇಡ.

ನೈಟ್ ಡ್ಯೂಟಿ · 10:36
ಅಕ್ಕ, ಇದನ್ನ ಬರೆಯೋಕೆ ಎರಡು ದಿನ ಯೋಚಿಸಿದ್ದೀನಿ. ರೋಗಿಗೆ 58 ವರ್ಷ. ಇಸಿಜಿಯಲ್ಲಿ 2, 3, ಎವಿಎಫ್ ಲೀಡ್‌ಗಳಲ್ಲಿ (ಹೃದಯವನ್ನ ಒಂದೊಂದು ಕಡೆಯಿಂದ ನೋಡೋ ಗೆರೆ) ಎಸ್‌ಟಿ ಭಾಗ ಮೇಲೆ ಎದ್ದಿತ್ತು, ನಾಳ ಕಟ್ಟಿಕೊಂಡ ಗುರುತು. ಬಿಪಿ 108/70, ಪಲ್ಸ್ 58, ನೋವು ಹತ್ತಕ್ಕೆ ಏಳು. ಆಸ್ಪಿರಿನ್, ಲೋಡಿಂಗ್ ಡೋಸ್ (ಮೊದಲ ದೊಡ್ಡ ಡೋಸ್) ಎಲ್ಲ ಆಗಿತ್ತು, ಕ್ಯಾಥ್ ಲ್ಯಾಬ್ ಟೀಮ್‌ಗೆ ಕಾಯ್ತಾ ಇದ್ವಿ. ‘ನೋವಿದ್ದರೆ ನಾಲಗೆ ಕೆಳಗೆ ನೈಟ್ರೇಟ್’ ಅಂತ ಆರ್ಡರ್ ಇತ್ತು. ಇಟ್ಟೆ. ನಾಲ್ಕೇ ನಿಮಿಷಕ್ಕೆ ಬಿಪಿ 66. ಮೈ ತಣ್ಣಗೆ, ಕಣ್ಣು ಮೇಲೆ ಹೋಯ್ತು. ಕಾಲು ಎತ್ತಿ ಹಿಡಿದು ಡಾಕ್ಟರನ್ನ ಕೂಗಿದೆ, ಸಲೈನ್ ಓಡಿಸಿದರು, 96ಕ್ಕೆ ಬಂತು. ಸ್ಟೆಂಟ್ ಆಯ್ತು, ಈಗ ಓಡಾಡ್ತಿದ್ದಾರೆ. ಆದರೆ ಹ್ಯಾಂಡೋವರ್‌ನಲ್ಲಿ ಎಲ್ಲರ ಮುಂದೆ ‘ಕೊಡೋ ಮುಂಚೆ ಯೋಚನೆ ಮಾಡಲಿಲ್ವಾ’ ಅಂದರು. ಆರ್ಡರ್ ಇತ್ತಲ್ಲ ಅಕ್ಕ. ನಾನು ಏನು ಯೋಚನೆ ಮಾಡಬೇಕಿತ್ತು?

ಉದ್ಯೋಗಾಕಾಂಕ್ಷಿ · 10:41
ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಹೃದಯದ ಭಾಗ ಓದೋಕೆ ಯಾವ ಪುಸ್ತಕ ಒಳ್ಳೆಯದು? ಪಿಡಿಎಫ್ ಇದ್ದರೆ ಕಳಿಸಿ.

ಆಂಬುಲೆನ್ಸ್ ಹುಡುಗ · 10:46
ನಂದೂ ಒಂದು ಹೇಳ್ಕೊಳ್ತೀನಿ. ನಾವು ದಾರಿಯಲ್ಲೇ ಇಸಿಜಿ ತೆಗೆದು ತರ್ತೀವಿ. ಆಸ್ಪತ್ರೆಯಲ್ಲಿ ಅದನ್ನ ಮಡಚಿ ಟ್ರಾಲಿ ಕೆಳಗೆ ಹಾಕಿ ‘ನಮ್ಮದು ತೆಗೀತೀವಿ ಬಿಡಿ’ ಅಂತಾರೆ. ಎಷ್ಟೋ ಸಲ ನಮ್ಮ ಕಾಗದದಲ್ಲಿ ಎಸ್‌ಟಿ ಎದ್ದಿರುತ್ತೆ, ಅವರು ತೆಗೆಯೋ ಹೊತ್ತಿಗೆ ಇಳಿದಿರುತ್ತೆ.

ವಾರ್ಡ್ ಸೀನಿಯರ್ · 10:49
ನೀವು ತರೋ ಇಸಿಜಿಯಲ್ಲಿ ಅರ್ಧ ಗೆರೆ ಅಲ್ಲಾಡಿರುತ್ತೆ. ಎದೆಗೆ ಹಾಕೋ ವಿ1, ವಿ2 ಲೀಡ್ ಕುತ್ತಿಗೆ ಹತ್ತಿರ ಅಂಟಿಸಿರ್ತೀರ. ಯಾವುದನ್ನ ನಂಬೋದು?

ಆಂಬುಲೆನ್ಸ್ ಹುಡುಗ · 10:51
ಓಡೋ ಗಾಡಿಯಲ್ಲಿ ಒಂದು ಸಲ ತೆಗೆದು ತೋರಿಸಿ ಮೇಡಂ, ಆಮೇಲೆ ಮಾತಾಡೋಣ.

ವಾರ್ಡ್ ಸೀನಿಯರ್ · 10:52
ಗಾಡಿ ನಿಲ್ಲಿಸಿ ತೆಗೀಬೇಕು. ಒಂದು ನಿಮಿಷ ಸಾಕು.

ಹಿರಿಮಗಳು · 10:53
ನಮಸ್ಕಾರ, ಅಮ್ಮನಿಗೆ ಬೆಳಿಗ್ಗೆ ಎಂಟರಿಂದ ದವಡೆ ನೋವು, ಮೈಯೆಲ್ಲ ಬೆವರು, ಒಂದು ಸಲ ವಾಂತಿ ಆಯ್ತು. 67 ವರ್ಷ, 20 ವರ್ಷದಿಂದ ಶುಗರ್ ಇದೆ. ಎದೆನೋವು ಇಲ್ಲ. ನಿನ್ನೆಯೂ ಸ್ವಲ್ಪ ಹೀಗೇ ಆಗಿ ಕ್ಲಿನಿಕ್‌ನಲ್ಲಿ ಇಸಿಜಿ ನಾರ್ಮಲ್ ಅಂದಿದ್ದರು. ಹಲ್ಲಿನ ಡಾಕ್ಟರ್ ಹತ್ತಿರ ಹೋಗಬೇಕಾ?

ಆಂಬುಲೆನ್ಸ್ ಹುಡುಗ · 10:54
ಟ್ರಾಫಿಕ್ ಮಧ್ಯೆ ಗಾಡಿ ನಿಲ್ಲಿಸಿದರೆ ಮನೆಯವರು ಸುಮ್ನಿರ್ತಾರಾ?

ನಿವೃತ್ತ ಮೇಷ್ಟ್ರು · 10:56
ತಂಗೀ, ಎದೆನೋವು ಇಲ್ಲದಿದ್ದರೆ ಹೆದರಬೇಡಮ್ಮ. ಗ್ಯಾಸ್ಟ್ರಿಕ್ ಮೇಲೇರಿದಾಗ ಹೀಗಾಗುತ್ತದೆ. ಬಿಸಿನೀರು ಕುಡಿಸಿ, ಎಡಗೈ ಕಿರುಬೆರಳಿನ ತುದಿಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ.

ಸಿಸಿಯು ಅಕ್ಕ · 11:03
ನೈಟ್ ಡ್ಯೂಟಿಗೆ. ಉದ್ದ ಆಯ್ತು, ಪೂರ್ತಿ ಓದು.

ಮೊದಲು ನೀನು ಸರಿ ಮಾಡಿದ್ದು. ರೋಗಿಯನ್ನ ಬಿಟ್ಟು ಓಡಲಿಲ್ಲ, ಕಾಲು ಎತ್ತಿದೆ, ಕೂಗಿದೆ. ಆ ನಾಲ್ಕು ನಿಮಿಷದಲ್ಲಿ ಬಿಪಿ ಮತ್ತೆ ನೋಡಿದ್ದರಿಂದಲೇ ಆ ಮನುಷ್ಯ ಇವತ್ತು ಓಡಾಡ್ತಿರೋದು.

ಈಗ ಮಾತ್ರೆ ಇಡೋ ಮುಂಚೆ ನಿನ್ನ ಕಣ್ಣೆದುರು ಇದ್ದದ್ದು ನೋಡೋಣ. 2, 3, ಎವಿಎಫ್ ಅಂದರೆ ಹೃದಯದ ಕೆಳಗೋಡೆ. ಅದಕ್ಕೆ ರಕ್ತ ಕೊಡೋದು ಬಹುತೇಕ ಜನರಲ್ಲಿ ಬಲಗಡೆಯ ಕರೋನರಿ. ಅದೇ ನಾಳ ದಾರಿಯಲ್ಲಿ ಬಲ ಹೃತ್ಕುಕ್ಷಿಗೂ ಕೊಡ್ತಾ ಹೋಗುತ್ತೆ. ಮೇಲೇ ಕಟ್ಟಿಕೊಂಡರೆ ಕೆಳಗೋಡೆ ಜೊತೆ ಬಲಭಾಗವೂ ಸೋಲುತ್ತೆ. ಇನ್ಫೀರಿಯರ್, ಅಂದರೆ ಈ ಕೆಳಗೋಡೆ ಅಟ್ಯಾಕ್ ಬಂದವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಇದು ಇರುತ್ತೆ ಅಂದುಕೊಂಡೇ ನಾನು ಹಾಸಿಗೆ ಹತ್ತಿರ ಹೋಗೋದು.

ಸೋತ ಬಲಭಾಗಕ್ಕೆ ತಳ್ಳೋ ಶಕ್ತಿ ಇಲ್ಲ. ಹಿಂದಿನಿಂದ ಬರೋ ರಕ್ತದ ಒತ್ತಡದಲ್ಲೇ ಅದು ಶ್ವಾಸಕೋಶಕ್ಕೆ ದಾಟಿಸ್ತಾ ಇರುತ್ತೆ. ನೈಟ್ರೇಟ್ ಏನು ಮಾಡುತ್ತೆ? ಮೈಯೆಲ್ಲ ಇರೋ ಸಿರೆಗಳನ್ನ ಸಡಿಲ ಬಿಡುತ್ತೆ. ರಕ್ತ ಅಲ್ಲೇ ಕೂತುಬಿಡುತ್ತೆ, ಹೃದಯಕ್ಕೆ ವಾಪಸ್ ಬರಲ್ಲ. ಸಂಪು ಖಾಲಿಯಾದರೆ ಮೋಟರ್ ಎಷ್ಟು ಓಡಿದರೂ ಮೇಲಿನ ಟ್ಯಾಂಕಿಗೆ ನೀರು ಏರುತ್ತಾ? ಎಡಭಾಗ ಚೆನ್ನಾಗೇ ಇದ್ದರೂ ತಳ್ಳೋಕೆ ರಕ್ತ ಇಲ್ಲ. ಅದೇ ನೀನು ಕಂಡ 66. ಮೂತ್ರ ಹೋಗಿಸೋ ಲೇಸಿಕ್ಸ್ ಕೊಟ್ಟಿದ್ದರೂ ಇದೇ ಆಗ್ತಿತ್ತು, ಮಾರ್ಫಿನ್‌ನಲ್ಲೂ ಆಗಬಹುದು.

ಹಾಗಾದರೆ ಮುಂಚೆ ಗೊತ್ತಾಗೋದು ಹೇಗೆ? ತಲೆಭಾಗ 45 ಡಿಗ್ರಿ ಎತ್ತು. ಮುಖ ಒಂಚೂರು ಎಡಕ್ಕೆ ತಿರುಗಿಸು. ವಾರ್ಡಿನ ದೊಡ್ಡ ಲೈಟ್ ಬೇಡ, ಟಾರ್ಚನ್ನ ಕತ್ತಿನ ಬಲಪಕ್ಕಕ್ಕೆ ಅಡ್ಡಲಾಗಿ ಹಿಡಿ. ಚರ್ಮದ ಮೇಲೆ ನೆರಳು ಅಲುಗೋದು ಕಾಣುತ್ತೆ. ಅದು ಸಿರೆಯೋ ಧಮನಿಯೋ ಅನುಮಾನ ಬಂದರೆ ಕತ್ತಿನ ಬುಡದಲ್ಲಿ ಬೆರಳಲ್ಲಿ ಮೆತ್ತಗೆ ಒತ್ತು. ಸಿರೆ ಅಲುಗೋದು ನಿಲ್ಲುತ್ತೆ, ಧಮನಿ ಬೆರಳನ್ನೇ ತಳ್ಳುತ್ತೆ. ಸಿರೆ ದವಡೆವರೆಗೂ ತುಂಬಿದೆ, ಬಿಪಿ ಕೆಳಗಿದೆ, ಬೆನ್ನಿಗೆ ಸ್ಟೆತ್ ಇಟ್ಟರೆ ಶ್ವಾಸಕೋಶ ಸ್ವಚ್ಛ: ಈ ಮೂರೂ ಒಟ್ಟಿಗೆ ಇದ್ದರೆ ಬಲಭಾಗ ಅಂತಲೇ ತಿಳ್ಕೋ. ಎಡಭಾಗ ಸೋತಿದ್ದರೆ ಶ್ವಾಸಕೋಶದಲ್ಲಿ ಗೊರಗೊರ ಕೇಳಬೇಕಿತ್ತು.

ಇಸಿಜಿಯಲ್ಲೂ ಸುಳಿವು ಇರುತ್ತೆ. ಎಸ್‌ಟಿ 2ಕ್ಕಿಂತ 3ರಲ್ಲಿ ಎತ್ತರ, ವಿ1ರಲ್ಲೂ ಎದ್ದಿದೆ ಅಂದರೆ ಅನುಮಾನ ಪಡು. ವಿ4ರ ತಂತಿ ಕಿತ್ತು ಬಲಗಡೆ ಅದೇ ಜಾಗಕ್ಕೆ ಅಂಟಿಸು: ಐದನೇ ಪಕ್ಕೆಸಂದು, ಕಾಲರ್ ಮೂಳೆ ನಡುವಿನ ನೇರಕ್ಕೆ. ಅದು ವಿ4ಆರ್. ಅಲ್ಲಿ ಎಸ್‌ಟಿ 1 ಎಂಎಂ ಎದ್ದರೆ ಬಲಭಾಗ ಅಂತಲೇ ಲೆಕ್ಕ. ಬೇಗ ತೆಗಿ, ಈ ಗುರುತು ಗಂಟೆಗಳಲ್ಲಿ ಅಳಿಸಿಹೋಗುತ್ತೆ. ಮತ್ತೆ ಪೆನ್ನಲ್ಲಿ ‘ವಿ4ಆರ್’ ಅಂತ ಕಾಗದದ ಮೇಲೇ ಬರಿ. ಮೆಷಿನ್‌ಗೆ ನೀನು ತಂತಿ ಬದಲಾಯಿಸಿದ್ದು ಗೊತ್ತಿಲ್ಲ, ಅದು ವಿ4 ಅಂತಲೇ ಅಚ್ಚು ಹಾಕುತ್ತೆ. ಮುಂದಿನ ಶಿಫ್ಟಿನವಳು ಹಳೇ ವಿ4 ಜೊತೆ ಹೋಲಿಸಿ ಗಾಬರಿ ಬೀಳ್ತಾಳೆ.

ಪಲ್ಸ್ 58 ಕೂಡ ಮಾತಾಡ್ತಾ ಇತ್ತು. ಬಡಿತದ ಸಂಕೇತವನ್ನ ಹೃದಯದ ಮೇಲಿನಿಂದ ಕೆಳಗೆ ದಾಟಿಸೋ ಎವಿ ನೋಡ್‌ಗೂ ಸಾಮಾನ್ಯವಾಗಿ ಅದೇ ನಾಳ. ಇಂಥವರಲ್ಲಿ ಹಾರ್ಟ್ ಬ್ಲಾಕ್, ಅಂದರೆ ಆ ಸಂಕೇತ ದಾಟದೇ ಇರೋದು, ಬರುತ್ತೆ. ಬಡಿತ ಏರಿಸೋ ಅಟ್ರೋಪಿನ್ ಕೈಗೆ ಸಿಗೋ ಹಾಗಿರಲಿ, ಹೊರಗಿಂದ ಹೃದಯ ಬಡಿಸೋ ಪೇಸಿಂಗ್ ಪ್ಯಾಡ್ ಎಲ್ಲಿದೆ ಅಂತ ಗೊತ್ತಿರಲಿ.

ಇನ್ನೊಂದು ಪ್ರಶ್ನೆ ಕೇಳಿದ್ದೆಯಾ? ಗಂಡಸರು ಲೈಂಗಿಕ ತೊಂದರೆಗೆ ತಗೊಳ್ಳೋ ಸಿಲ್ಡೆನಾಫಿಲ್ ಥರದ ಮಾತ್ರೆ 24 ಗಂಟೆಯೊಳಗೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ತಗೊಂಡಿದ್ದರೆ ನೈಟ್ರೇಟ್ ಇಡೋ ಹಾಗೇ ಇಲ್ಲ. ಹೆಂಡತಿ ಮಕ್ಕಳ ಮುಂದೆ ಕೇಳಿದರೆ ಯಾವ ಗಂಡಸೂ ಹೌದು ಅನ್ನಲ್ಲ. ಪರದೆ ಎಳೆದು, ಇಸಿಜಿ ಅಂಟಿಸುವಾಗ, ಬಿಪಿ ಮಾತ್ರೆ ಹೆಸರು ಕೇಳೋ ದನಿಯಲ್ಲೇ ಕೇಳಬೇಕು.

ಆಮೇಲೆ ಫೋನ್. ‘ಸರ್, ಇನ್ಫೀರಿಯರ್ ರೋಗಿ, ಬಿಪಿ 108, ಪಲ್ಸ್ 58, ಕತ್ತಿನ ಸಿರೆ ತುಂಬಿದೆ, ಚೆಸ್ಟ್ ಕ್ಲಿಯರ್. ವಿ4ಆರ್ ತೆಗೀತಾ ಇದ್ದೀನಿ. ನೋಡೋವರೆಗೂ ನೈಟ್ರೇಟ್ ತಡೀಲಾ?’ ಇಷ್ಟು ಹೇಳಿದರೆ ‘ತಡೀಬೇಡ, ಕೊಡು’ ಅಂದ ಡಾಕ್ಟರನ್ನ ನಾನು ಕಂಡಿಲ್ಲ. ಸಲೈನ್ ಕೂಡ ಕಣ್ಣುಮುಚ್ಚಿ ಓಡಿಸೋದಲ್ಲ. 250 ಎಂಎಲ್ ಹೋದ ಮೇಲೆ ಬಿಪಿ ನೋಡು, ಬೆನ್ನಿಗೆ ಸ್ಟೆತ್ ಇಡು, ಡಾಕ್ಟರಿಗೆ ಹೇಳು. ಬಲಭಾಗ ಅತಿಯಾಗಿ ಉಬ್ಬಿದರೆ ನಡುವಿನ ಗೋಡೆ ಎಡಕ್ಕೆ ಒತ್ತಿಕೊಂಡು ಬಿಪಿ ಮತ್ತೆ ಬೀಳುತ್ತೆ.

ತಪ್ಪು ನಿನ್ನೊಬ್ಬಳದೇ ಅಲ್ಲ. ಬರೆದವರು, ಕೊಟ್ಟವಳು, ಬಲಗಡೆ ಲೀಡ್ ತೆಗೆಯೋ ಪದ್ಧತಿಯನ್ನೇ ಇಟ್ಟುಕೊಳ್ಳದ ವಾರ್ಡ್, ಎಲ್ಲರದೂ.

ಸಿಸಿಯು ಅಕ್ಕ · 11:05
ಈಗ ನೋಡಿದೆ. ಹಿರಿಮಗಳು, 10:53. ಇದನ್ನ ಓದಿದ ತಕ್ಷಣ ಆಂಬುಲೆನ್ಸ್‌ಗೆ ಫೋನ್ ಮಾಡಿ. ಹಲ್ಲಿನ ಡಾಕ್ಟರ್ ಬೇಡ. ಬಿಸಿನೀರು ಬೇಡ, ಬಾಯಿಗೆ ಏನೂ ಹಾಕಬೇಡಿ. ಶುಗರ್ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಹೀಗೇ ಬರಬಹುದು: ದವಡೆ, ಬೆವರು, ವಾಂತಿ, ಉಸಿರು. ನಿನ್ನೆಯ ಇಸಿಜಿ ನಿನ್ನೆಗೆ. ಅಮ್ಮನನ್ನ ದಿಂಬಿಗೆ ಒರಗಿಸಿ ಕೂರಿಸಿ, ನಡೆಸಬೇಡಿ, ಸ್ಕೂಟರ್ ಮೇಲೆ ಕೂರಿಸಬೇಡಿ. ಬಾಗಿಲು ತೆಗೆದಿಡಿ. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕ್ಕೊಳ್ಳಿ. ಆಸ್ಪಿರಿನ್ ವಿಷಯ ಫೋನ್‌ನಲ್ಲಿ ಅವರನ್ನೇ ಕೇಳಿ, ಅವರು ಹೇಳಿದ ಹಾಗೆ ಮಾಡಿ.

ಸಿಸಿಯು ಅಕ್ಕ · 11:06
ಮೇಷ್ಟ್ರೇ, ಕೈ ಮುಗಿದು ಹೇಳ್ತೀನಿ, ಇನ್ನೊಂದು ಸಲ ಇಲ್ಲಿ ಚಿಕಿತ್ಸೆ ಬರೀಬೇಡಿ. ಆ ಹುಡುಗಿ ಹನ್ನೆರಡು ನಿಮಿಷದಿಂದ ಕಾಯ್ತಾ ಇದ್ದಾಳೆ. ಗಾಡಿ ನಿಲ್ಲಿಸಬೇಕಾ ಬೇಡವಾ ಅಂತ ಜಗಳ ಆಡ್ತಿದ್ದ ಇಬ್ಬರಿಗೂ ಅವಳು ಕಾಣಲಿಲ್ಲ.

ಆಂಬುಲೆನ್ಸ್ ಹುಡುಗ · 11:08
ಸಾರಿ ಅಕ್ಕ. ನನಗೇ ಮೊದಲು ಕಾಣಬೇಕಿತ್ತು.

ಕಿರಿಯ ವೈದ್ಯ · 11:12
ಸಿಸ್ಟರ್, ವಿವರಣೆ ಚೆನ್ನಾಗಿದೆ. ಆದರೆ ಎರಡು ಮಾತು. ಇನ್ಫೀರಿಯರ್ ಅಂದಮಾತ್ರಕ್ಕೆ ನೈಟ್ರೇಟ್ ನಿಷಿದ್ಧ ಅಲ್ಲ, ಅಪಾಯ ಹಿಂದೆ ಅಂದುಕೊಂಡಷ್ಟು ಇಲ್ಲ ಅನ್ನೋ ವಾದವೂ ಇತ್ತೀಚೆಗೆ ಇದೆ. ಎರಡನೆಯದು, ಬರೆದ ಆರ್ಡರನ್ನು ಸಿಸ್ಟರ್‌ಗಳು ತಾವಾಗಿಯೇ ತಡೆಹಿಡಿಯೋದು ಅಪಾಯಕಾರಿ ಅಭ್ಯಾಸ. ರಾತ್ರಿ 40 ರೋಗಿಗಳಿದ್ದಾಗ ಪ್ರತಿ ಮಾತ್ರೆಗೂ ಫೋನ್ ಬಂದರೆ ಹೇಗೆ?

ನೈಟ್ ಡ್ಯೂಟಿ · 11:14
ಫೋನ್ ಮಾಡಿದರೆ ‘ಅಷ್ಟಕ್ಕೆಲ್ಲ ಎಬ್ಬಿಸ್ತೀರಾ’, ಮಾಡದಿದ್ದರೆ ‘ಯೋಚನೆ ಮಾಡಲಿಲ್ವಾ’. ಯಾವುದು ಸರ್?

ವಾರ್ಡ್ ಸೀನಿಯರ್ · 11:15
👏👏 ಇದನ್ನ ಫ್ರೇಮ್ ಹಾಕಿಸಿ ಡ್ಯೂಟಿ ರೂಮ್‌ನಲ್ಲಿ ತೂಗುಹಾಕಬೇಕು.

ಕಿರಿಯ ವೈದ್ಯ · 11:17
ವೈಯಕ್ತಿಕವಾಗಿ ತಗೋಬೇಡಿ. ಜವಾಬ್ದಾರಿ ಕೊನೆಗೆ ನಮ್ಮ ಸಹಿಯದ್ದು, ನಿಮ್ಮದಲ್ಲ.

ಸಿಸಿಯು ಅಕ್ಕ · 11:24
ಮೊದಲನೇ ಮಾತು ಒಪ್ಪಿದೆ ಸರ್. ಇನ್ಫೀರಿಯರ್ ಎಲ್ಲರಿಗೂ ಬೇಡ ಅಂತ ನಾನು ಬರೆದಿಲ್ಲ. ನೋಡಿ ಕೊಡಿ ಅಂದೆ.

ಎರಡನೇದಕ್ಕೆ. ನನ್ನ ಸರ್ವೀಸಿನ ಮೂರನೇ ವರ್ಷ. ಇಂಥದ್ದೇ ರೋಗಿ, ಇಂಥದ್ದೇ ಆರ್ಡರ್. ನಾಲಗೆ ಕೆಳಗೆ ಇಟ್ಟು ಪಕ್ಕದ ಬೆಡ್‌ಗೆ ಹೋದೆ. ವಾಪಸ್ ಬರೋಕೆ ಹತ್ತು ನಿಮಿಷ ಹಿಡೀತು. ಆ ರೋಗಿ ಓಡಾಡಲಿಲ್ಲ. ಚಾರ್ಟಿನಲ್ಲಿ ಸಹಿ ಡಾಕ್ಟರದ್ದೇ ಇತ್ತು, ಪಕ್ಕದಲ್ಲಿ ‘ಕೊಡಲಾಗಿದೆ’ ಅಂತ ನನ್ನದೂ ಇತ್ತು. ಜವಾಬ್ದಾರಿ ಯಾರದ್ದು ಅಂತ ನನಗೆ ಹೇಳ್ಬೇಡಿ.

ಕಿರಿಯ ವೈದ್ಯ · 11:31
ಕ್ಷಮಿಸಿ ಸಿಸ್ಟರ್.

ಸ್ಟೆಂಟ್ ಹಾಕಿಸ್ಕೊಂಡವ · 11:33
ಮೇಡಂ, ನನಗೆ ಮೂರು ವಾರದ ಹಿಂದೆ ಸ್ಟೆಂಟ್ ಹಾಕಿದರು. ಟಿಕಾಗ್ರೆಲಾರ್ ಶುರುವಾದಾಗಿನಿಂದ ಸುಮ್ಮನೆ ಕೂತಾಗಲೂ ಆಗಾಗ ಉಸಿರು ಸಾಲದು ಅನ್ನಿಸುತ್ತೆ. ಅದಕ್ಕೇ ಎರಡು ದಿನದಿಂದ ಬಿಟ್ಟು ನೋಡ್ತಾ ಇದ್ದೀನಿ. ಈಗ ಆರಾಮ. ಪೂರ್ತಿ ನಿಲ್ಲಿಸಬಹುದಾ?

ಸಿಸಿಯು ಅಕ್ಕ · 11:36
ಎರಡು ದಿನ ಬಿಟ್ಟಿದ್ದೀರಾ? ನಿಮ್ಮ ಹೃದ್ರೋಗ ಡಾಕ್ಟರಿಗೆ ಈ ಗಳಿಗೆ ಫೋನ್ ಮಾಡಿ. ಸಿಗದಿದ್ದರೆ ಆಸ್ಪತ್ರೆಗೇ ಹೋಗಿ. ಉಸಿರಿನ ತೊಂದರೆ ಆ ಮಾತ್ರೆಯಿಂದ ಬರೋದು ನಿಜ, ಎಷ್ಟೋ ಜನರಿಗೆ ಬರುತ್ತೆ. ಹಾರ್ಟ್ ಫೇಲ್ಯೂರ್ ಅಲ್ಲ ಅಂತ ಖಚಿತ ಮಾಡಿಕೊಂಡು ಬೇರೆ ಮಾತ್ರೆಗೆ ಬದಲಾಯಿಸ್ತಾರೆ. ಆದರೆ ಬದಲಿ ಇಲ್ಲದೆ ಬಿಡೋದು ಬೇರೆ. ಹೊಸ ಸ್ಟೆಂಟ್ ಒಳಗೆ ಇನ್ನೂ ಚರ್ಮ ಬೆಳೆದಿಲ್ಲ, ಬರೀ ಲೋಹ. ರಕ್ತ ಅಲ್ಲೇ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿಕೊಂಡರೆ ಮೊದಲಿನದಕ್ಕಿಂತ ದೊಡ್ಡ ಅಟ್ಯಾಕ್ ಆಗಬಹುದು. ಎರಡು ಥರದ ರಕ್ತ ತೆಳು ಮಾಡೋ ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ. ಕಡಿಮೆ ಮಾಡಬೇಕಾದರೆ ಅವರು ಹೇಳಬೇಕು.

ಸ್ಟೆಂಟ್ ಹಾಕಿಸ್ಕೊಂಡವ · 11:38
ಸಂಜೆ ಹೋದರೆ ಆಗಲ್ವಾ?

ಸಿಸಿಯು ಅಕ್ಕ · 11:38
ಆಗಲ್ಲ.

ಇನ್ನೊಬ್ಬ ಹೊಸಬ · 11:40
ಆಸ್ಪಿರಿನ್ 75 ಇದ್ದರೆ ಎಷ್ಟು ತಗೋಬೇಕು?

ಸಿಸಿಯು ಅಕ್ಕ · 11:40
ಮೇಲಿದೆ.

ಲೈಸಿಸ್ ವಾರ್ಡ್ · 11:42
ಅಕ್ಕ, ನಮ್ಮಲ್ಲಿ ಕ್ಯಾಥ್ ಲ್ಯಾಬ್ ಇಲ್ಲ. ನಿನ್ನೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಕೊಟ್ಟು ಸುಮಾರು 40 ನಿಮಿಷಕ್ಕೆ ಮಾನಿಟರ್‌ನಲ್ಲಿ ಅಗಲ ಕಾಂಪ್ಲೆಕ್ಸ್ (ಬಡಿತದ ಅಲೆ ಅಗಲ) ಬಂತು, ರೇಟ್ 80. ವಿಟಿ, ಅಂದರೆ ಅಪಾಯದ ವೇಗದ ಲಯ ಅಂತ ಓಡಿದೆ. ಡಾಕ್ಟರ್ ನೋಡಿ ಸುಮ್ಮನಿದ್ದರು. ಏನದು?

ಸಿಸಿಯು ಅಕ್ಕ · 11:47
ನಾಳ ತೆರೆದುಕೊಂಡಾಗ ಬರೋ ಲಯ. ರೇಟ್ 120ರ ಒಳಗೆ, ಬಿಪಿ ಸರಿಯಾಗಿದೆ, ರೋಗಿ ಮಾತಾಡ್ತಿದ್ದಾರೆ ಅಂದರೆ ಕಾದು ನೋಡೋದೇ, ಸಾಮಾನ್ಯವಾಗಿ ತಾನಾಗೇ ಹೋಗುತ್ತೆ. ಓಡಿದ್ದು ತಪ್ಪಲ್ಲ, ಓಡಿಹೋಗಿ ಮೊದಲು ನೋಡಬೇಕಾದ್ದು ಮಾನಿಟರ್ ಅಲ್ಲ, ರೋಗಿ. 60ರಿಂದ 90 ನಿಮಿಷಕ್ಕೆ ಇಸಿಜಿ ಮತ್ತೆ ತೆಗೆದಿರಬೇಕು. ಎಸ್‌ಟಿ ಅರ್ಧಕ್ಕಾದರೂ ಇಳಿಯದಿದ್ದರೆ ಮದ್ದು ಕೆಲಸ ಮಾಡಿಲ್ಲ, ಸ್ಟೆಂಟ್ ಹಾಕೋ ಕಡೆಗೆ ತಕ್ಷಣ ಕಳಿಸಬೇಕು. ಜೊತೆಗೆ ಗಂಟೆಗಟ್ಟಲೆ ಮಾತಾಡಿಸ್ತಾ ಇರು. ಹೊಸದಾಗಿ ತಲೆನೋವು, ಮಾತು ತೊದಲೋದು, ಒಂದು ಕೈ ಸೋಲೋದು ಕಂಡರೆ ಮಿದುಳಲ್ಲಿ ರಕ್ತಸ್ರಾವ ಇರಬಹುದು, ಕೂಗು. ನರಕ್ಕೆ ಪದೇ ಪದೇ ಚುಚ್ಚಬೇಡ, ಸ್ನಾಯುವಿಗೆ ಇಂಜೆಕ್ಷನ್ ಬೇಡವೇ ಬೇಡ.

ನಿವೃತ್ತ ಮೇಷ್ಟ್ರು · 11:50
ನಾನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. 34 ವರ್ಷ ಪಾಠ ಮಾಡಿದ್ದೇನೆ. ಇಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ನೋಡಿ ಬೇಸರವಾಯಿತು.

ಥರ್ಡ್ ಇಯರ್ · 11:51
ಪಾಠ ಮಾಡಿದವರು ಓದದೇ ಫಾರ್ವರ್ಡ್ ಮಾಡಬಾರದು ಅಲ್ವಾ ಸರ್.

ಮಾತ್ರೆ ಅಂಗಡಿ · 11:52
ಏಯ್ ಮರಿ, ದೊಡ್ಡವರ ಹತ್ತಿರ ಮಾತು ನೋಡ್ಕೊಂಡು.

ಥರ್ಡ್ ಇಯರ್ · 11:52
ನೀವು ಸೀನಿಯರ್ ಮೇಡಂಗೆ ಹೇಳಿದ ‘ಮೂಗಾ’ ನೋಡ್ಕೊಂಡು ಹೇಳಿದ ಮಾತಾ?

ಅಡ್ಮಿನ್ · 11:54
ದಯವಿಟ್ಟು ವಿಷಯದ ಮೇಲಿರಿ. ಇನ್ನೊಂದು ಹೀಗಾದರೆ ಕಾಮೆಂಟ್ ಬಂದ್ ಮಾಡ್ತೀನಿ.

ಸಿಸಿಯು ಅಕ್ಕ · 11:55
ಹಿರಿಮಗಳು, ಎಲ್ಲಿದ್ದೀರಿ? ಒಂದು ಅಕ್ಷರ ಆದರೂ ಬರೀರಿ.

ನೈಟ್ ಡ್ಯೂಟಿ · 11:58
ಅಕ್ಕ, ನಿಮ್ಮ ಉತ್ತರ ಓದಿ ಅವತ್ತಿನ ಇಸಿಜಿ ಮತ್ತೆ ನೆನಪು ಮಾಡ್ಕೊಂಡೆ. 3ರಲ್ಲಿ 2ಕ್ಕಿಂತ ಎತ್ತರ ಇತ್ತು. ಕತ್ತು ನಾನು ನೋಡಲೇ ಇಲ್ಲ. ಕಂಬಳಿ ಗಲ್ಲದವರೆಗೂ ಹೊದ್ದಿದ್ದರು, ಚಳಿ ಅಂತಿದ್ದರು.

ಸಿಸಿಯು ಅಕ್ಕ · 12:01
ಆ ಚಳಿಯೂ ಒಂದು ಗುರುತೇ ಮರಿ. ಇನ್ನು ಮೇಲೆ ಎದೆನೋವಿನ ರೋಗಿ ಚಳಿ ಅಂದರೆ ಕಂಬಳಿ ಹೊದಿಸೋ ಮುಂಚೆ ಅವರ ಮೊಣಕಾಲು ಮುಟ್ಟಿ ನೋಡು. ಮೊಣಕಾಲು ತಣ್ಣಗಿದ್ದರೆ ರಕ್ತ ಅಲ್ಲಿಗೆ ತಲುಪ್ತಾ ಇಲ್ಲ. ಬಿಪಿ ಆಮೇಲೆ ಬೀಳುತ್ತೆ.

ಸ್ಟೆಂಟ್ ಹಾಕಿಸ್ಕೊಂಡವ · 12:05
ಫೋನ್ ಮಾಡಿದೆ. ಡಾಕ್ಟರ್ ಬೈದರು. ಹೊರಟಿದ್ದೀನಿ.

ಮತ್ತೊಬ್ಬ ಹೊಸಬ · 12:09
ಎಲ್ಲರೂ ಆಸ್ಪಿರಿನ್ ಅಂತಿದ್ದಾರೆ. 75 ಮಾತ್ರ ಇದ್ದರೆ??

ವಾರ್ಡ್ ಸೀನಿಯರ್ · 12:10
ಕಣ್ಣು ಇದೆಯೇನಪ್ಪಾ ನಿಮಗೆ? ಮೇಲೆ ಎರಡು ಸಲ ಇದೆ.

ಹಿರಿಮಗಳು · 12:16
ಅಕ್ಕ, ಆಸ್ಪತ್ರೆಯಲ್ಲಿದ್ದೀವಿ. ಆಂಬುಲೆನ್ಸ್ ಬೇಗ ಬಂತು. ಫೋನ್‌ನಲ್ಲಿ ಹೇಳಿದ ಹಾಗೆ ಆಸ್ಪಿರಿನ್ ಜಗಿಸಿದೆ. ಇಲ್ಲಿ ಮೊದಲ ಇಸಿಜಿ ನೋಡಿ ಮುಂದೆ ಎಸ್‌ಟಿ ಎದ್ದಿಲ್ಲ, ಬ್ಲಡ್ ರಿಪೋರ್ಟ್ ಬರಲಿ ಅಂದರು. ಆಮೇಲೆ ಒಬ್ಬರು ಸಿಸ್ಟರ್ ಆ ಕಾಗದ ಮತ್ತೆ ನೋಡಿ, ಅಮ್ಮನ ಬೆನ್ನಿಗೆ ಅಂಟಿಸಿ ಇನ್ನೊಂದು ತೆಗೆದರು. ಅದನ್ನ ಹಿಡ್ಕೊಂಡು ಓಡಿಹೋದರು. ಬೆನ್ನಿಗೆ ಯಾಕೆ ಅಕ್ಕ?

ಸಿಸಿಯು ಅಕ್ಕ · 12:19
ಹೃದಯದ ಹಿಂಗೋಡೆಗೆ ಮುಂದೆ ಅಂಟಿಸೋ ಲೀಡ್ ಯಾವುದೂ ನೇರ ಎದುರಾಗಲ್ಲ. ಅಲ್ಲಿ ಅಟ್ಯಾಕ್ ಆದರೆ ಮುಂದಿನ ವಿ1ರಿಂದ ವಿ3ರಲ್ಲಿ ಎಸ್‌ಟಿ ಏಳೋ ಬದಲು ಕೆಳಗೆ ಇಳಿದಿರುತ್ತೆ, ಕನ್ನಡಿಯಲ್ಲಿ ತಲೆಕೆಳಗಾಗಿ ಕಂಡ ಹಾಗೆ. ಆ ಇಳಿತ ನೋಡಿ ಅನುಮಾನ ಬಂದವರು ಎಡ ಬೆನ್ನಿಗೆ ವಿ7, ವಿ8, ವಿ9 ಹಾಕ್ತಾರೆ. ಅರ್ಧ ಎಂಎಂ ಎದ್ದರೂ ಸಾಕು. ಆ ಸಿಸ್ಟರ್ ನೋಡಿದ್ದಾರೆ. ಈಗ ಏನಂತಾರೆ?

ಹಿರಿಮಗಳು · 12:22
ಒಳಗೆ ಕರ್ಕೊಂಡು ಹೋದರು. ಸಹಿ ಹಾಕಿದೆ. ಅಮ್ಮನ ಕನ್ನಡಕ ನನ್ನ ಕೈಲೇ ಉಳೀತು.

ಸಿಸಿಯು ಅಕ್ಕ · 12:23
ಇರಲಿ, ಒಳಗೆ ಬೇಕಾಗಲ್ಲ. ಶುಗರ್ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಇದೆಯಾ ಚೀಲದಲ್ಲಿ ನೋಡಿ. ಇದ್ದರೆ ಬಾಗಿಲ ಹತ್ತಿರ ಇರೋ ಸಿಸ್ಟರ್‌ಗೆ ಈಗಲೇ ಹೇಳಿ, ಡೈ ಹಾಕಿದ ಮೇಲೆ ಅದನ್ನ ಯಾವಾಗ ಮತ್ತೆ ಶುರು ಮಾಡೋದು ಅಂತ ಅವರು ನೋಡ್ಕೊಳ್ತಾರೆ. ಬೆಳಿಗ್ಗೆ ಎಂಟಕ್ಕೆ ಶುರುವಾಯ್ತು ಅನ್ನೋದನ್ನೂ ಹೇಳಿ, ಯಾರೂ ಕೇಳದಿದ್ದರೂ ಹೇಳಿ.

ಹಿರಿಮಗಳು · 12:26
ಇದೆ. ಎರಡೂ ಹೇಳಿದೆ.